ಕೊಟ್ಟಾಸ್ ಯಾರ ಕಡೆಯವನು? ಒಬ್ಬ ಗ್ರೀಕ್ ಕಪೆತಾನನ ಬದುಕು ಬರೆದ ಬಗೆ

ಆಟೊಮನ್ ತುರ್ಕರ ಆಳ್ವಿಕೆಯ ಕೊನೆಗಾಲದಲ್ಲಿ ಮ್ಯಾಸಿಡೋನಿಯಾದ ಬೆಟ್ಟಗಳಲ್ಲಿ ಬಲ್ಗೇರಿಯಾದ ಕಡೆಯ ದಳಗಳೊಡನೆ ಕಾದಾಡಿದ ಗ್ರೀಕ್ ದಳಪತಿಗಳಿಗೆ ಕಪೆತಾನ್ ಎಂದು ಹೆಸರು. ಅವರಲ್ಲೊಬ್ಬನ ಬಗ್ಗೆ ಬರೆಯಲು ಕೂತವರಿಗೆ ಮೊದಲು ಎದುರಾಗುವವನು ಪಾವ್ಲೋಸ್ ಮೆಲಾಸ್. ಅವನ ಬಗ್ಗೆ ಸಾಮಗ್ರಿಗೆ ಬರವಿಲ್ಲ. 1870ರಲ್ಲಿ ಮಾರ್ಸೇಲ್ಸ್‌ನಲ್ಲಿ ಹುಟ್ಟಿದ ಸಿರಿವಂತರ ಮಗ. ಅಪ್ಪ ಅಥೆನ್ಸ್‌ನ ಮೇಯರ್ ಆಗಿದ್ದವನು, ತಾನು ಫಿರಂಗಿ ದಳದ ಅಧಿಕಾರಿ. ಹೆಂಡತಿ ನತಾಲಿಯಾಳ ತಂದೆ ಸ್ತೆಫಾನೋಸ್ ದ್ರಾಗೂಮಿಸ್ 1910ರಲ್ಲಿ ಪ್ರಧಾನಿಯೇ ಆದ. ಗಂಡ ಬೆಟ್ಟದಿಂದ ಬರೆದ ಪತ್ರಗಳನ್ನು ಜೋಪಾನ ಮಾಡಿ, 1926ರಲ್ಲಿ ಪುಸ್ತಕವಾಗಿ ತಂದವಳೂ ನತಾಲಿಯಾ.

ನನ್ನ ಮೊದಲ ಕರಡೂ ಮೆಲಾಸನದೇ. ಗ್ರೀಕ್ ಭಾಷೆ ನನಗೆ ಬಾರದು. ಆದರೆ ಲಿಪಿಯನ್ನು ಕಲಿತೆ, ಅದು ಒಂದು ವಾರದ ಕೆಲಸ. ನಕ್ಷೆಯ ಮೇಲಿನ ಊರಿನ ಹೆಸರು ಓದಲು ಅಷ್ಟು ಸಾಕು. ಉಳಿದದ್ದಕ್ಕೆ ಇಂಗ್ಲಿಷ್ ಬರಹಗಳು, ಯಂತ್ರಾನುವಾದ, ಮತ್ತೆ ಮೊನಾಸ್ಟಿರ್‌ನಲ್ಲಿದ್ದ ಬ್ರಿಟಿಷ್ ಕಾನ್ಸುಲರ ವರದಿಗಳು. ಮೊನಾಸ್ಟಿರ್ ಎಂದರೆ ಈಗ ಉತ್ತರ ಮ್ಯಾಸಿಡೋನಿಯಾದಲ್ಲಿರುವ ಬಿಟೋಲಾ.

ತಾರೀಕುಗಳ ಗೋಜಲು ಬಿಡಿಸದೆ ಒಂದು ಪ್ಯಾರಾ ಕೂಡ ಮುಂದೆ ಹೋಗುವುದಿಲ್ಲ. ಗ್ರೀಸ್ 1923ರವರೆಗೂ ಹಳೆಯ ಜೂಲಿಯನ್ ಪಂಚಾಂಗವನ್ನೇ ಹಿಡಿದಿತ್ತು. 20ನೇ ಶತಮಾನದಲ್ಲಿ ಅದಕ್ಕೂ ನಮ್ಮ ಕ್ಯಾಲೆಂಡರಿಗೂ 13 ದಿನದ ಅಂತರ. 19ನೇ ಶತಮಾನಕ್ಕೆ ಹೋದರೆ 12. ಮೆಲಾಸ್ ಸತ್ತದ್ದು 1904ರ ಅಕ್ಟೋಬರ್ 13 ಎಂದು ಗ್ರೀಕರು ಬರೆಯುತ್ತಾರೆ. ನಮ್ಮ ಲೆಕ್ಕದಲ್ಲಿ ಅದು 26. ಇನ್ನೊಂದೆಡೆ, ಗ್ರೀಕರು ಥೆಸಲೊನೀಕಿಯನ್ನು ವಶಪಡಿಸಿಕೊಂಡ 1912ರ ಅಕ್ಟೋಬರ್ 26 ಹಳೆಯ ಲೆಕ್ಕದ್ದು, ನಮಗೆ ಅದು ನವೆಂಬರ್ 8. ಎರಡು ‘ಅಕ್ಟೋಬರ್ 26’ಗಳು ಒಂದೇ ಲೇಖನದಲ್ಲಿ ಬಂದರೆ ಓದುಗ ದಾರಿ ತಪ್ಪುವುದು ಖಂಡಿತ. ಆಟೊಮನ್ ಸರ್ಕಾರದ ರೂಮಿ ಪಂಚಾಂಗವೂ ಇದೆ. ಅದರ ವರ್ಷಸಂಖ್ಯೆ ಬೇರೆ (1904ಕ್ಕೆ 1320), ಆದರೆ ದಿನ ಜೂಲಿಯನ್‌ಗೆ ತಾಳೆಯಾಗುತ್ತದೆ. ಇದು ಗೊತ್ತಾದ ಮೇಲೆ ಸ್ವಲ್ಪ ಉಸಿರಾಡುವಂತಾಯಿತು. ಎಲ್ಲವನ್ನೂ ಹೊಸ ಲೆಕ್ಕಕ್ಕೆ ತಂದು, ಹಳೆಯದನ್ನು ನನ್ನ ನೋಟ್‌ಬುಕ್‌ನ ಅಂಚಿನಲ್ಲಿ ಉಳಿಸಿಕೊಂಡೆ.

ಊರುಗಳದ್ದೂ ಇದೇ ಪಾಡು. ಮೆಲಾಸ್ ಸತ್ತ ಊರು ಆಗ ಸ್ತಾತಿಸ್ತಾ, ಈಗ ಅದರ ಹೆಸರೇ ಮೆಲಾಸ್. ನಾನು ಕೊನೆಗೆ ಬರೆದ ಕಪೆತಾನ ಕೊಟ್ಟಾಸ್ ಹುಟ್ಟಿದ ರೂಲ್ಯಾ ಈಗ ಕೋತಾಸ್. 1920ರ ದಶಕದಲ್ಲಿ ಗ್ರೀಸ್ ಸರ್ಕಾರ ನೂರಾರು ಊರುಗಳ ಹೆಸರು ಬದಲಿಸಿತು, ಹೀಗಾಗಿ ಇಂದಿನ ನಕ್ಷೆಯಲ್ಲಿ ಅಂದಿನ ಕದನ ಹುಡುಕಿದರೆ ಏನೂ ಸಿಗದು. ನನಗೆ ಕೈಹಿಡಿದದ್ದು 1:2,00,000 ಅಳತೆಯ ಹಳೆಯ ಆಸ್ಟ್ರಿಯಾ-ಹಂಗೇರಿ ಸೈನಿಕ ನಕ್ಷೆ. ಬೆಟ್ಟದ ಏರು, ಕಾಲುದಾರಿ, ಹಳ್ಳಿ ಎಲ್ಲವೂ ಅದರಲ್ಲಿವೆ.

ಕರಡು ಮುಗಿಯಿತು. ನಾನು ಬರೆದದ್ದನ್ನು ಮೊದಲು ಓದುವವಳು ನನ್ನ ಅಕ್ಕ, ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು. ಮೆಲಾಸನನ್ನು ಓದಿ, “ಚೆನ್ನಾಗಿದೆ ಕಣೋ, ಆದರೆ ಅವನು ಹೊರಗಿನವನು. ಅಲ್ಲಿಯವರು ಯಾರೂ ಇರಲಿಲ್ಲವಾ?” ಅಂದಳು.

ಮಾತು ಸರಿ. ಮೆಲಾಸ್ ಆ ನೆಲದಲ್ಲಿ ಕಳೆದದ್ದು 1904ರಲ್ಲಿ, ಮೂರು ಸಲ ಬಂದುಹೋದ ಕೆಲವೇ ವಾರ. ಮಿಕಿಸ್ ಜೆಜಾಸ್ ಎಂಬ ಗುಪ್ತನಾಮ ಅವನ ಮಕ್ಕಳಾದ ಮಿಕಿ ಮತ್ತು ಜೋಯಿಯ ಹೆಸರುಗಳಿಂದ ಕಟ್ಟಿದ್ದು. ಎಲ್ಲರೂ ನೋಡಿರುವ ಅವನ ಕಪೆತಾನ್ ವೇಷದ ಚಿತ್ರ ತೆಗೆದದ್ದು ಗ್ರೀಸಿನ ಗಡಿಯೊಳಗಿನ ಲಾರಿಸಾದಲ್ಲಿ. ಅವನ ಜೊತೆಯ ಅಧಿಕಾರಿಗಳಿಗೆ ಬೆಟ್ಟ ತೋರಿಸಿದವನು ಕೊಟ್ಟಾಸ್. ನಾನು ಕರಡನ್ನು ಬದಿಗಿಟ್ಟು ಅವನ ಬೆನ್ನುಹತ್ತಿದೆ.

ಕೊಟ್ಟಾಸನ ಮನೆಮಾತು ಗ್ರೀಕ್ ಅಲ್ಲ, ಅಲ್ಲಿನ ಸ್ಲಾವಿಕ್ ಆಡುಮಾತು. ಊರಿನ ಮುಖಂಡನಾಗಿದ್ದವನು 1890ರ ದಶಕದ ಕೊನೆಗೆ ಬಂದೂಕು ಹಿಡಿದು ಜನರನ್ನು ಸುಲಿಯುತ್ತಿದ್ದ ಬೇಗಳ (ಆಟೊಮನ್ ಜಮೀನ್ದಾರರ) ಮೇಲೆ ಬಿದ್ದ. ಮೊದಲು ಬಲ್ಗೇರಿಯಾದತ್ತ ಒಲವಿದ್ದ ಕ್ರಾಂತಿಕಾರಿ ಸಂಘಟನೆಯ ಜೊತೆಗಿದ್ದ, ಆಮೇಲೆ ಅವರೊಡನೆ ಕೆಡಿಸಿಕೊಂಡು ಕಸ್ತೋರಿಯಾದ ಗ್ರೀಕ್ ಬಿಷಪ್ ಗೆರ್ಮಾನೋಸ್ ಕರವಾಂಗೆಲಿಸ್‌ನ ಪಕ್ಷಕ್ಕೆ ಬಂದ. ಗ್ರೀಕರಿಗೆ ಅವನು ಮೊದಲಿಗರಲ್ಲಿ ಮೊದಲಿಗ, ಬಲ್ಗೇರಿಯನ್ನರಿಗೆ ದ್ರೋಹಿ.

“ಹಾಗಾದರೆ ಅವನು ಯಾರ ಕಡೆಯವನು? ಮೊದಲ ಸಾಲಿನಲ್ಲೇ ಹೇಳಿಬಿಡು” ಎಂದಳು ಅಕ್ಕ. ಅಲ್ಲೇ ಸಿಕ್ಕಿಕೊಂಡೆ. ಉತ್ತರಕ್ಕಾಗಿ ನಾನು ಚರ್ಚಿನ ಕಥೆಗೆ ಹೋಗಬೇಕಾಯಿತು. 1870ರಲ್ಲಿ ಸುಲ್ತಾನನ ಫರ್ಮಾನಿನಿಂದ ಬಲ್ಗೇರಿಯನ್ ಎಕ್ಸಾರ್ಕೇಟ್ ಎಂಬ ಪ್ರತ್ಯೇಕ ಚರ್ಚ್ ಹುಟ್ಟಿತು. ಜನರಲ್ಲಿ ಮೂರನೇ ಎರಡು ಪಾಲು ಬಯಸಿದರೆ ಕಾನ್‌ಸ್ಟಾಂಟಿನೋಪಲ್ಲಿನ ಪೇಟ್ರಿಯಾರ್ಕನನ್ನು (ಗ್ರೀಕ್ ಚರ್ಚಿನ ಹಿರಿಯ ಗುರುವನ್ನು) ಬಿಟ್ಟು ಅದಕ್ಕೆ ಸೇರಬಹುದಿತ್ತು. ಅಂದಿನಿಂದ ಪ್ರತಿ ಊರೂ ಎಣಿಕೆಯ ವಸ್ತು. ಒಂದೇ ಮಾತಾಡುವ ಅಕ್ಕಪಕ್ಕದ ಮನೆಯವರಲ್ಲಿ ಒಬ್ಬರು ‘ಗ್ರೀಕ್’, ಇನ್ನೊಬ್ಬರು ‘ಬಲ್ಗೇರಿಯನ್’ ಆದದ್ದು ಯಾವ ಪಾದ್ರಿಯ ಪೂಜೆಗೆ ಹೋಗುತ್ತಾರೆ ಎಂಬುದರಿಂದ. ಕಪೆತಾನನ ದಿನಚರಿಯೂ ಇದರ ಸುತ್ತಲೇ: ರಾತ್ರಿ ಊರಿಗೆ ನುಗ್ಗು, ಪಾದ್ರಿಯನ್ನೂ ಮೇಷ್ಟ್ರನ್ನೂ ಕರೆಸು, ಊರವರಿಂದ ನಿಷ್ಠೆಯ ಪ್ರಮಾಣ ಮಾಡಿಸು, ಬೆಳಗಾಗುವ ಮೊದಲು ಬೆಟ್ಟ ಹತ್ತು. ಇದನ್ನು ಅರಿಯದೆ ಬರೆದರೆ ಕೊಟ್ಟಾಸ್ ಬರೀ ಪಕ್ಷಾಂತರಿಯಾಗಿ ಕಾಣುತ್ತಾನೆ.

ಅಕ್ಕನ ಮಾತು ಕೇಳಲಿಲ್ಲ. ಮೊದಲ ಸಾಲಿನಲ್ಲಿ ಅವನ ಊರನ್ನಷ್ಟೇ ಬರೆದೆ. ಮುಂದೆ ಯಾವ ವರ್ಷ ಯಾರೊಡನಿದ್ದ ಎಂಬುದನ್ನು ಕ್ರಮವಾಗಿ ಇಟ್ಟೆ. ಎರಡು ಕಡೆಯವರೂ ಒಪ್ಪುವ ಮಾತನ್ನು ನೇರವಾಗಿ ಹೇಳಿದೆ. ಒಂದು ಕಡೆಯವರೇ ಹೇಳುವುದನ್ನು ‘ಗ್ರೀಕ್ ಬರಹಗಳ ಪ್ರಕಾರ’, ‘ಬಲ್ಗೇರಿಯನ್ನರ ಪ್ರಕಾರ’ ಎಂದೇ ಬರೆದೆ. ಗಲ್ಲಿಗೇರುವಾಗ ತನ್ನ ಸ್ಲಾವಿಕ್ ಮಾತಿನಲ್ಲೇ ಗ್ರೀಸಿಗೆ ಜಯವಾಗಲಿ ಎಂದನಂತೆ. ಆ ಮಾತು ಗ್ರೀಕ್ ಪರಂಪರೆಯ ಹೆಸರಲ್ಲೇ ನಿಂತಿದೆ. 1904ರ ಜೂನ್‌ನಲ್ಲಿ ಸೆರೆಸಿಕ್ಕಿದ್ದು, 1905ರ ಸೆಪ್ಟೆಂಬರ್‌ನಲ್ಲಿ ಮೊನಾಸ್ಟಿರ್‌ನಲ್ಲಿ ನೇಣಾದದ್ದು ನೇರವಾಗಿ ಬಂದವು. ಈ ನಡುವೆ, ಕೊಟ್ಟಾಸ್ ಜೈಲಿನಲ್ಲಿದ್ದಾಗಲೇ, ಮೆಲಾಸ್ ಸತ್ತ. ಅವನಿದ್ದ ಊರನ್ನು ಸುತ್ತುವರಿದದ್ದು ಎದುರಾಳಿ ದಳವಲ್ಲ, ಆಟೊಮನ್ ಸೈನ್ಯ.

ಎಲ್ಲಕ್ಕಿಂತ ಕಷ್ಟವಾದದ್ದು ಜಗೊರಿಚಾನಿ. ಹೊಸ ಲೆಕ್ಕದಲ್ಲಿ 1905ರ ಏಪ್ರಿಲ್‌ನಲ್ಲಿ ಕಪೆತಾನ್ ವಾರ್ದಾಸನ ಗ್ರೀಕ್ ದಳಗಳು ಎಕ್ಸಾರ್ಕೇಟ್ ಚರ್ಚಿಗೆ ಸೇರಿದ್ದ ಆ ಊರಿಗೆ ನುಗ್ಗಿ ಅರವತ್ತಕ್ಕೂ ಹೆಚ್ಚು ಜನರನ್ನು ಕೊಂದವು. ಕೊಟ್ಟಾಸನಿಗೂ ಇದಕ್ಕೂ ನೇರ ಸಂಬಂಧವಿಲ್ಲ, ಆಗ ಅವನು ಸೆರೆಯಲ್ಲಿದ್ದ. ಬಿಟ್ಟರೂ ಲೇಖನ ನಿಲ್ಲುತ್ತಿತ್ತು. ಆದರೆ ಕಪೆತಾನರು ಎಂದರೆ ಏನು ಎಂದು ಹೇಳಹೊರಟು ಅದನ್ನು ಬಿಡುವುದು ನನಗೆ ಸರಿ ಕಾಣಲಿಲ್ಲ. ಎದುರು ಪಕ್ಷದ ದಳಗಳೂ ಪೇಟ್ರಿಯಾರ್ಕನ ಕಡೆಯ ಪಾದ್ರಿಗಳನ್ನು, ಮೇಷ್ಟ್ರುಗಳನ್ನು ಕೊಂದಿದ್ದವು ಎಂಬುದನ್ನೂ ಪಕ್ಕದಲ್ಲೇ ಬರೆದೆ. ತಕ್ಕಡಿ ಸರಿದೂಗಿಸಲು ಅಲ್ಲ, ಅದೂ ನಡೆದಿತ್ತು ಎಂದು.

1908ರ ಜುಲೈನಲ್ಲಿ ಯಂಗ್ ಟರ್ಕ್ ಎಂಬ ಆಟೊಮನ್ ಸುಧಾರಣಾವಾದಿಗಳ ಕ್ರಾಂತಿಯಾಗಿ ಕ್ಷಮಾದಾನ ಸಿಕ್ಕಿತು, ದಳಗಳು ಬೆಟ್ಟ ಇಳಿದವು. ಲೇಖನವನ್ನು ಅಲ್ಲಿಗೇ ನಿಲ್ಲಿಸಿದೆ. ಬಾಲ್ಕನ್ ಯುದ್ಧಗಳನ್ನು ಎಳೆದುತಂದರೆ ಅದು ಬೇರೆಯೇ ಪುಸ್ತಕ.

ಈಗ ಕೈಗೆತ್ತಿಕೊಂಡಿರುವುದು ತೆಲ್ಲೋಸ್ ಆಗ್ರಾಸನನ್ನು. ಯಾನಿತ್ಸಾ ಸರೋವರದ ಜೊಂಡಿನ ನಡುವೆ ಗುಡಿಸಲು ಹಾಕಿ ಕಾದಾಡಿದವನು, 1907ರಲ್ಲಿ ಎದುರಾಳಿಗಳ ಕೈಗೆ ಸಿಕ್ಕಿ ನೇಣಿಗೆ ಬಿದ್ದವನು. ಆ ಸರೋವರವನ್ನು 1930ರ ದಶಕದಲ್ಲಿ ಬತ್ತಿಸಿ ಹೊಲ ಮಾಡಿದ್ದಾರೆ. ಹಾಗಾಗಿ ಮತ್ತೆ ಆಸ್ಟ್ರಿಯನ್ ನಕ್ಷೆಯನ್ನು ಮೇಜಿನ ಮೇಲೆ ಹರಡಿದ್ದೇನೆ. ಆಗ್ರಾಸನ ಜೊತೆ ಸತ್ತವನು ಅಂತೋನಿಸ್ ಮಿಂಗಾಸ್, ಅಲ್ಲಿಯವನೇ. ಅವನ ಬಗ್ಗೆಯೂ ಬರಿ ಎಂದು ಅಕ್ಕ ಆಗಲೇ ಶುರು ಮಾಡಿದ್ದಾಳೆ.