ಶಟಲ್ ಬ್ಯಾಟ್ ಕೊಳ್ಳುವ ಮೊದಲು ನಿಮ್ಮ ಕೈ ನೋಡಿಕೊಳ್ಳಿ

ಮಳೆ ಬಿಟ್ಟು, ಅಂಗಳಕ್ಕೆ ಅಡಿಕೆ ಹರಡುವ ಮೊದಲು ಸಿಗುವ ಕೆಲವು ವಾರ ಇದೆಯಲ್ಲ, ಕಾಸರಗೋಡಿನ ಬದಿಯಡ್ಕದ ಈ ಕಡೆ ನಮಗೆ ಅದೇ ಶಟಲ್ ಸೀಸನ್. ಎರಡು ಕಂಗಿನ (ಅಡಿಕೆ ಮರದ) ಕಂಬ, ಒಂದು ನೆಟ್, ನಾಲ್ಕು ಲೈಟು. ರಾತ್ರಿ ಹನ್ನೊಂದರವರೆಗೆ ಆಟ. ಪ್ರತಿ ವರ್ಷ ಇದೇ ಹೊತ್ತಿಗೆ ಯಾರಾದರೊಬ್ಬರು ಕೇಳುತ್ತಾರೆ, ಯಾವ ಬ್ಯಾಟ್ ತೆಗೊಳ್ಳಲಿ ಅಂತ. ನಾನು ಒಮ್ಮೆ ಸರಿಯಾಗಿ ಮೋಸಹೋದವನಾದ್ದರಿಂದ ಹೇಳುವ ಹಕ್ಕಿದೆ ಅಂದುಕೊಂಡಿದ್ದೇನೆ.

ಮೋಸ ಮಾಡಿದ್ದು ನನ್ನ ಆಸೆಯೇ. ಮಂಗಳೂರಿಗೆ ಹೋಗಿ, ಟಿವಿಯಲ್ಲಿ ದೊಡ್ಡ ಆಟಗಾರರು ಹಿಡಿಯುವಂಥ ಗಟ್ಟಿ ಶಾಫ್ಟಿನ (ಹಿಡಿಗೂ ತಲೆಗೂ ನಡುವಿನ ಕೋಲು), ತಲೆಭಾರದ ಬ್ಯಾಟ್ ತಂದೆ, ಅಂಗಡಿಯವನು ಕೇಳಿದ್ದಕ್ಕೆ ಗತ್ತಿನಿಂದ ಗಟ್ಟಿಂಗ್, ಅಂದರೆ ಬ್ಯಾಟಿನ ಎಳೆ, 28 ಪೌಂಡ್ ಬಿಗಿಗೆ ಹಾಕಿ ಅಂದುಬಿಟ್ಟೆ. ಎರಡು ವಾರದಲ್ಲಿ ಮೊಣಕೈ ನೋವು. ಎಷ್ಟು ಬೀಸಿದರೂ ಶಟಲ್ ಹಿಂದಿನ ಗೆರೆ ಮುಟ್ಟುತ್ತಿರಲಿಲ್ಲ. ಒಂದು ಗೇಮ್ ಆಡಿ ನೋಡಿದ ಅಕ್ಕನ ಗಂಡ, "ಎಂತದು ಭಾವ, ಇದು ಬ್ಯಾಟಾ ಪಿಕ್ಕಾಸಾ?" ಅಂತ ಕೇಳಿ ವಾಪಸ್ ಕೊಟ್ಟರು.

ಹಾಗಾಗಿ ಮೊದಲು ತೂಕ. ಹಿಡಿ ಮುಗಿದು ಶಾಫ್ಟ್ ಶುರುವಾಗುವಲ್ಲಿ 4ಯು ಜಿ5 ಅಂತ ಏನೋ ಸಣ್ಣದಾಗಿ ಬರೆದಿರುತ್ತದೆ, ಅದನ್ನು ಓದಿ. 3ಯು ಅಂದರೆ 85ರಿಂದ 89 ಗ್ರಾಂ, 4ಯು ಅಂದರೆ 80ರಿಂದ 84, 5ಯು ಅಂದರೆ 75ರಿಂದ 79. ಯು ಹಿಂದಿನ ಅಂಕಿ ಜಾಸ್ತಿಯಾದಷ್ಟೂ ಬ್ಯಾಟ್ ಹಗುರ. ಹೊಸಬರಿಗೆ ಮತ್ತು ನಮ್ಮ ಹಾಗೆ ವಾರಕ್ಕೆ ಮೂರು ದಿನ ಡಬಲ್ಸ್ ಆಡುವವರಿಗೆ 4ಯು ಸಾಕು. ಜಿ ಅಂದರೆ ಹಿಡಿಯ ದಪ್ಪ, ಯೋನೆಕ್ಸ್ ಬ್ಯಾಟಿನಲ್ಲಿ ಅಂಕಿ ದೊಡ್ಡದಾದರೆ ಹಿಡಿ ಸಪೂರ. ಮೇಲೆ ಗ್ರಿಪ್ ಸುತ್ತುವುದು ಇದ್ದೇ ಇರುತ್ತದೆ, ಆದ್ದರಿಂದ ಸಪೂರವೇ ತೆಗೊಳ್ಳಿ. ದಪ್ಪ ಮಾಡುವುದು ಸುಲಭ, ಕೆತ್ತುವುದಕ್ಕಾಗುವುದಿಲ್ಲ ಅಲ್ವಾ.

ಎರಡನೆಯದು ಭಾರ ಎಲ್ಲಿದೆ ಅನ್ನುವುದು. ಎರಡು ಬ್ಯಾಟನ್ನು ಒಂದೊಂದಾಗಿ ತೋರುಬೆರಳ ಮೇಲೆ ಅಡ್ಡ ಇಟ್ಟು ತೂಗಿಸಿ. ಯಾವುದು ತಲೆಯ ಹತ್ತಿರ ಸಮ ನಿಲ್ಲುತ್ತದೋ ಅದು ತಲೆಭಾರ. ಸ್ಮ್ಯಾಷಿಗೆ ತಲೆಭಾರವೇ ಬೇಕು ಅಂತ ಎಲ್ಲರೂ ಹೇಳುತ್ತಾರೆ. ಆದರೆ ನಮ್ಮ ದೇಶದ ಡಬಲ್ಸ್ ಆಟಗಾರ ಸಾತ್ವಿಕ್‌ಸಾಯಿರಾಜ್ ರಂಕಿರೆಡ್ಡಿ 2023ರಲ್ಲಿ ಗಂಟೆಗೆ 565 ಕಿ.ಮೀ. ವೇಗದ ಸ್ಮ್ಯಾಷ್ ಹೊಡೆದು ಗಿನ್ನೆಸ್ ದಾಖಲೆ ಮಾಡಿದ್ದು ನ್ಯಾನೋಫ್ಲೇರ್ 1000 ಝಡ್‌ನಲ್ಲಿ, ಅದು ತಲೆ ಹಗುರದ ಬ್ಯಾಟು! ಹೊಡೆತ ಇರುವುದು ಮುಂಗೈ ತಿರುಗುವ ವೇಗದಲ್ಲಿ. ಕಲಿಯುವ ಹಂತದಲ್ಲಿ ಸಮತೂಕದ್ದು ತೆಗೊಂಡರೆ ಯಾವ ತೊಂದರೆಯೂ ಇಲ್ಲ.

ಶಾಫ್ಟ್ ಬಗ್ಗುವಂಥದ್ದಿರಲಿ. ನಿಧಾನ ಬೀಸುವ ಕೈಗೆ ಬಗ್ಗುವ ಶಾಫ್ಟ್ ಚಾಟಿಯ ಹಾಗೆ ಸಹಾಯ ಮಾಡುತ್ತದೆ. ಗಟ್ಟಿ ಶಾಫ್ಟ್ ಬೇಕಾದದ್ದು ಜೋರಾಗಿ, ಸಮಯಕ್ಕೆ ಸರಿಯಾಗಿ ಬೀಸುವವರಿಗೆ. ಇನ್ನು ಜೋಡಿಗೆ ಇಷ್ಟು ಅಂತ ಸಿಗುವ ಕಬ್ಬಿಣದ ಶಾಫ್ಟಿನ ಬ್ಯಾಟು ಮಕ್ಕಳಿಗೆ ರಜೆಯಲ್ಲಿ ಆಡಲು ಸರಿ, ಅಷ್ಟೇ.

ಈಗ ನಿಜವಾದ ವಿಷಯ, ಗಟ್ಟಿಂಗ್. ಬ್ಯಾಟಿಗೆ ಐದು ಸಾವಿರ ಸುರಿದು ಗಟ್ಟಿಂಗಿಗೆ ಚೌಕಾಸಿ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ ಮಾರಾಯ್ರೆ, ಯಾಕಂದರೆ ಶಟಲಿಗೆ ತಾಗುವುದು ಗಟ್ಟು ಮಾತ್ರ. ಸ್ವಲ್ಪ ಸಡಿಲ ಇದ್ದರೆ ಶಟಲನ್ನು ಅದೇ ಚಿಮ್ಮಿಸುತ್ತದೆ, ನಡುವಿಗೆ ಸರಿಯಾಗಿ ತಾಗದಿದ್ದರೂ ನಡೆಯುತ್ತದೆ. ಬಿಗಿ ಹೆಚ್ಚಿದ ಹಾಗೆ ಶಟಲ್ ಮೇಲೆ ಹಿಡಿತ ಜಾಸ್ತಿ, ಆದರೆ ಬಲ ನಿಮ್ಮದೇ ಬೇಕು, ಅಂಚಿಗೆ ತಾಗಿದರೆ ಗಟ್ಟು ಪಟ್ ಅಂತ ಹರಿಯುತ್ತದೆ. ಹೊಸಬರು 20ರಿಂದ 22 ಪೌಂಡ್, ಎರಡು ಮೂರು ವರ್ಷ ಆಡಿದವರು 23ರಿಂದ 25. ಫ್ರೇಮ್ ಎಷ್ಟು ತಡೆಯುತ್ತದೆ ಅನ್ನುವುದೂ ಬ್ಯಾಟಿನ ಮೇಲೆಯೇ ಬರೆದಿರುತ್ತದೆ, ಅದನ್ನು ಮೀರಬೇಡಿ. ಬಾಳಿಕೆ ಬೇಕಿದ್ದರೆ 0.70 ಮಿ.ಮೀ. ದಪ್ಪದ ಯೋನೆಕ್ಸ್ ಬಿಜಿ 65 ಗಟ್ಟು ಹಾಕಿಸಿ. ಬಿಜಿ 66 ಅಲ್ಟಿಮ್ಯಾಕ್ಸ್ 0.65 ಮಿ.ಮೀ., ಸದ್ದು ಚಂದ, ಆಯುಷ್ಯ ಕಡಿಮೆ. ಒಂದು ಎಳೆ ಹರಿದ ಕೂಡಲೇ ಉಳಿದದ್ದನ್ನೂ ನಡುವಿನಿಂದ ಶುರುಮಾಡಿ ಕತ್ತರಿಸಿಬಿಡಿ. ಇಲ್ಲದಿದ್ದರೆ ಒಂದೇ ಕಡೆ ಎಳೆತ ಬಿದ್ದು ಫ್ರೇಮ್ ಸೊಟ್ಟಗಾಗುತ್ತದೆ. ನನ್ನ ಆ ಪಿಕ್ಕಾಸನ್ನೂ 23ಕ್ಕೆ ಇಳಿಸಿದ ಮೇಲೆ ಮೊಣಕೈ ಸುಮ್ಮನಾಯಿತು.

ಗ್ರಿಪ್ಪಿನಲ್ಲಿ ನಮ್ಮ ಊರಿನ ಹವೆಯ ಲೆಕ್ಕ ಬೇರೆ. ಟವೆಲ್ ಗ್ರಿಪ್ ಬೆವರು ಚೆನ್ನಾಗಿ ಹೀರುತ್ತದೆ ನಿಜ, ಆದರೆ ಜೋರು ಮಳೆಯ ಆಟಿ ತಿಂಗಳಲ್ಲಿ ಒಳಾಂಗಣ ಕೋರ್ಟಿನಲ್ಲಿ ಆಡಿ ಬ್ಯಾಗಿನಲ್ಲಿ ಮುಚ್ಚಿಟ್ಟರೆ ನಾಲ್ಕೇ ದಿನಕ್ಕೆ ಬೂಸು ಹಿಡಿದು, ಒದ್ದೆ ಗೋಣಿಯ ವಾಸನೆ. ಮಳೆಗಾಲಕ್ಕೆ ತೆಳು ಓವರ್‌ಗ್ರಿಪ್ಪೇ ಒಳ್ಳೆಯದು, ಜಾರತೊಡಗಿದ ಕೂಡಲೇ ಬಿಚ್ಚಿ ಬಿಸಾಡಿ. ಹಳೆಯದರ ಮೇಲೆ ಹೊಸದು, ಅದರ ಮೇಲೆ ಇನ್ನೊಂದು ಅಂತ ಸುತ್ತುತ್ತಾ ಹೋದರೆ ಹಿಡಿ ಒನಕೆಯಾಗುತ್ತದೆ.

ಅಂಗಳದ ಆಟಕ್ಕೆ ನೈಲಾನ್ ಶಟಲ್ ಸಾಕು. ಗರಿಯದ್ದು ಹದಿನಾರು ಗರಿಯ ನಾಜೂಕು ವಸ್ತು, ಹೊರಗಿನ ಗಾಳಿಗೆ ಸುಮ್ನೆ ದುಡ್ಡು ದಂಡ. ಯೋನೆಕ್ಸ್ ಮಾವಿಸ್‌ನಲ್ಲಿ ಬಣ್ಣದ ಪಟ್ಟಿ ನೋಡಿ: ಹಸಿರು ನಿಧಾನ, ನೀಲಿ ಮಧ್ಯಮ, ಕೆಂಪು ವೇಗ. ಸೆಕೆಯಲ್ಲಿ ಗಾಳಿ ತೆಳುವಾಗಿ ಶಟಲ್ ದೂರ ಹೋಗುತ್ತದೆ, ಹಾಗಾಗಿ ನಮ್ಮ ಕರಾವಳಿಗೆ ಹಸಿರೇ ಸರಿ.

ದುಡ್ಡು ಉಳಿದರೆ ಶೂ ತೆಗೊಳ್ಳಿ. ಅಲ್ಲ, ಉಳಿಸಿಯಾದರೂ ತೆಗೊಳ್ಳಿ. ಓಡುವ ಶೂವಿನ ದಪ್ಪ ಅಟ್ಟೆಯಲ್ಲಿ ಪಕ್ಕಕ್ಕೆ ಹಾರಿದರೆ ಪಾದ ಉಳುಕುತ್ತದೆ. ಒಳಾಂಗಣ ಕೋರ್ಟಿಗೆ ಕಲೆ ಬೀಳದ ರಬ್ಬರ್ ಅಟ್ಟೆಯ ಶಟಲ್ ಶೂ ಬೇಕೇ ಬೇಕು, ಅದನ್ನು ಸಿಮೆಂಟಿನ ಅಂಗಳದಲ್ಲಿ ಸವೆಸಬೇಡಿ.

ಆರು ಬ್ಯಾಟ್ ಹಿಡಿಸುವ ದೊಡ್ಡ ಬ್ಯಾಗ್ ಯಾಕೆ? ಒಂದು ಬಟ್ಟೆ ಕವರ್ ಸಾಕು. ಬ್ಯಾಟನ್ನು ಮಾತ್ರ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ, ಆಡದೆಯೇ ಗಟ್ಟು ಸಡಿಲವಾಗುತ್ತದೆ.