ಮೊದಲು ತಟ್ಟೆ, ಆಮೇಲೆ ಹೆಸರು: ಬಸ್‌ಸ್ಟ್ಯಾಂಡಿನ ಖಾತೆಯಿಂದ ನಾವು ಕಲಿತದ್ದು

ಮನೆ ಬಿಟ್ಟು ಬಂದ ಮಕ್ಕಳ ಜೊತೆ ನಮ್ಮ ಕೆಲಸ. ಅವರಿಗಾಗಿ ಬಸ್‌ಸ್ಟ್ಯಾಂಡಿನ ಚಾ ಅಂಗಡಿಯಲ್ಲಿ ಖಾತೆ ಇಡೋಣ, ಮಗು ತಿಂದದ್ದಕ್ಕೆ ಆಮೇಲೆ ನಾವು ದುಡ್ಡು ಕೊಡೋಣ ಅಂದಾಗ ಜೊತೆಯಲ್ಲಿ ಕೆಲಸ ಮಾಡುವವರೇ ಬೇಡ ಅಂದಿದ್ದರು. ಪುಕ್ಕಟೆ ತಿಂಡಿ ಸಿಗುತ್ತದೆ ಅಂತ ಗೊತ್ತಾದರೆ ಊರ ಹುಡುಗರೆಲ್ಲ ಬಂದು ನಿಲ್ಲುತ್ತಾರೆ ಎನ್ನುವುದು ಅವರ ವಾದ. ಯಾರೂ ಬಂದು ನಿಲ್ಲಲಿಲ್ಲ. ಕಾರವಾರ, ಅಂಕೋಲಾ, ಶಿರಸಿ ಮೂರೂ ಕಡೆ ಸೇರಿ ತಿಂಗಳಿಗೆ ಹೆಚ್ಚೂಕಡಿಮೆ ಸಾವಿರದ ಇನ್ನೂರು ರೂಪಾಯಿ ಬಿಲ್ ಆಗುತ್ತದೆ. ಎಸ್ಸೆಸ್ಸೆಲ್ಸಿ ರಿಸಲ್ಟ್ ಬರುವ ತಿಂಗಳು ಮಾತ್ರ ಮೂರು ಸಾವಿರ ಮುಟ್ಟುತ್ತದೆ.

ಅದಕ್ಕೂ ಮೊದಲು ಆರೇಳು ಸಾವಿರ ಪೋಸ್ಟರಿಗೆ ಹೋಗಿತ್ತು. ಮಕ್ಕಳ ಸಹಾಯವಾಣಿಯ ನಂಬರು 1098 ಅಂತ ದೊಡ್ಡದಾಗಿ ಬರೆಸಿ ಬಸ್‌ಸ್ಟ್ಯಾಂಡ್, ಶಿರವಾಡದ ರೈಲ್ವೆ ಸ್ಟೇಶನ್ನಿನ ಆಚೀಚೆ ಎಲ್ಲ ಅಂಟಿಸಿದ್ದೆವು. ಮಳೆಗಾಲದ ಮೊದಲ ವಾರದಲ್ಲೇ ಅರ್ಧ ಕಿತ್ತುಹೋಯಿತು. ಉಳಿದವನ್ನು ನೋಡಿ ಒಂದು ಮಗುವೂ ಫೋನ್ ಮಾಡಲಿಲ್ಲ. ಸಿಕ್ಕಿಬೀಳಬಾರದು ಅಂತ ಬಂದವರು ಹೇಗೆ ಮಾಡುತ್ತಾರೆ? ಈಗ ಅದೇ ನಂಬರನ್ನು ಚಿಕ್ಕ ಚೀಟಿಯಲ್ಲಿ ಅಂಗಡಿಯವರ ಗಲ್ಲೆಯ ಒಳಬದಿಗೆ ಅಂಟಿಸುತ್ತೇವೆ. ಅದು ದೊಡ್ಡವರು ಓದಬೇಕಾದ ನಂಬರು.

ಅಂಗಡಿ ಆರಿಸುವುದರಲ್ಲೇ ಅರ್ಧ ಕೆಲಸ. ದೊಡ್ಡ ಹೋಟೆಲ್ ಬೇಡ. ಮೊದಲ ಬಸ್ಸಿಗಿಂತ ಮೊದಲೇ ತೆರೆದು ಕೊನೆಯ ಬಸ್ಸಿನ ತನಕ ಇರುವ, ಗೋವಾ ಬಸ್ ನಿಲ್ಲುವ ಜಾಗ ಕಾಣುವ ಅಂಗಡಿ ಬೇಕು. ಅಂಗಡಿಯವರು ಪಾವ್-ಭಾಜಿ, ಚಾ ಕೊಟ್ಟು ನಮಗೆ ಒಂದು ಮಿಸ್ಡ್ ಕಾಲ್ ಕೊಡುತ್ತಾರೆ, ಅಷ್ಟೇ. ಮಗುವನ್ನು ಏನೂ ಕೇಳುವುದಿಲ್ಲ. ಚೀಟಿಯಲ್ಲಿ ತಾರೀಖು, ಹೊತ್ತು, ತಿಂದದ್ದು ಮಾತ್ರ ಇರುತ್ತದೆ, ಹೆಸರು ಇರುವುದಿಲ್ಲ. ಶನಿವಾರ ಲೆಕ್ಕ ಚುಕ್ತಾ. ಮೊದಲು ಒಬ್ಬರಿಗೆ ಎರಡು ಸಾವಿರ ಮುಂಗಡ ಕೊಟ್ಟಿದ್ದೆವು, ಲೆಕ್ಕವೇ ಸಿಗಲಿಲ್ಲ. ಆಮೇಲೆ ಒಂದು ಫೋನಿಗೆ ಐವತ್ತು ರೂಪಾಯಿ ಅಂತ ಮಾಡಿದೆವು. ಅದು ಇನ್ನೂ ದೊಡ್ಡ ತಪ್ಪು. ಬಸ್ಸಿಗೆ ಕಾಯುವ ಪಿಯುಸಿ ಹುಡುಗರನ್ನೆಲ್ಲ ತೋರಿಸತೊಡಗಿದರು, ಎರಡೇ ವಾರದಲ್ಲಿ ನಿಲ್ಲಿಸಿದೆವು.

ಮನೆ ಬಿಟ್ಟು ಬಂದವರ ಗುರುತು ಹಿಡಿಯುವುದು ಹೀಗೆ: ಶಾಲೆ ಚೀಲದಲ್ಲಿ ಪುಸ್ತಕದ ಬದಲು ಬಟ್ಟೆ, ಕಾಲಲ್ಲಿ ಮನೆಯೊಳಗಿನ ಚಪ್ಪಲಿ, ಬೋರ್ಡ್ ನೋಡಿಯೂ ಹತ್ತದೆ ಬಿಟ್ಟ ಮೂರ್ನಾಲ್ಕು ಬಸ್ಸು. 2023ರ ಜೂನ್‌ನಲ್ಲಿ ಹೆಂಗಸರಿಗೆ ರಾಜ್ಯದೊಳಗೆ ಸರ್ಕಾರಿ ಬಸ್ ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಬದಲಾವಣೆ ಆಗಿದೆ. ಮೊದಲು ಕೈಯಲ್ಲಿದ್ದ ದುಡ್ಡು ಮುಗಿದ ಊರಲ್ಲಿ ಸಿಗುತ್ತಿದ್ದರು. ಈಗ ಆಧಾರ್ ಇದ್ದರೆ ಹಾವೇರಿಯಿಂದಲೋ ಹುಬ್ಬಳ್ಳಿಯಿಂದಲೋ ಕಾರವಾರದ ತನಕ ದುಡ್ಡಿಲ್ಲದೆ ಬರುತ್ತಾರೆ. ಗೋವಾ ಬಸ್ಸಿಗೆ ಟಿಕೆಟ್ ತೆಗೆಸಲೇಬೇಕಾದ್ದರಿಂದ ಇಲ್ಲಿ ನಿಂತುಬಿಡುತ್ತಾರೆ. ಚೀಲದ ಹೊರಜೇಬಿನಲ್ಲಿ ಮಡಚಿಟ್ಟ ಶೂನ್ಯ ಟಿಕೆಟ್ ಇರುತ್ತದೆ, ಎಲ್ಲಿ ಹತ್ತಿದ್ದು, ಎಷ್ಟು ಹೊತ್ತಿಗೆ ಅನ್ನುವುದು ಅದರಲ್ಲೇ ಇದೆ. ಆ ಹುಡುಗಿ ತಾನಾಗಿ ತೋರಿಸುವ ತನಕ ಕೇಳಬೇಡಿ, ಚೀಲಕ್ಕೆ ಕೈ ಹಾಕಲೇಬೇಡಿ.

ಮೊದಲ ಅರ್ಧ ಗಂಟೆ ಎದುರಿಗೆ ಕೂರುವುದಿಲ್ಲ, ಒಂದೇ ಬೆಂಚಿನಲ್ಲಿ ಪಕ್ಕಕ್ಕೆ ಕೂರುತ್ತೇವೆ. "ಊಟ ಆಯ್ತಾ ತಮ್ಮಾ?" ಅಂತ ಕೇಳುತ್ತೇವೆ. ನಮ್ಮ ಹೆಸರು, ನಮ್ಮ ಕೆಲಸ, ಇವತ್ತು ಎಲ್ಲಿಗೆ ಹೋಗಬೇಕಾಗುತ್ತದೆ ಅನ್ನುವುದನ್ನು ನಾವೇ ಹೇಳಿಬಿಡುತ್ತೇವೆ. 1098ಕ್ಕೆ ಮಗುವಿನ ಎದುರಿಗೇ ಸ್ಪೀಕರ್ ಹಾಕಿ ಫೋನ್ ಮಾಡುತ್ತೇವೆ. "ಯಾರಿಗೂ ಹೇಳುವುದಿಲ್ಲ" ಅನ್ನುವ ಮಾತು ಮಾತ್ರ ಬಾಯಿಂದ ಬರಬಾರದು. ಪೋಕ್ಸೊ, ಅಂದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಕಾಯ್ದೆಗೆ ಬರುವ ವಿಷಯ ಹೊರಬಂದರೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಆಗ ಕೊಟ್ಟ ಮಾತು ಮುರಿಯಬೇಕಾಗುತ್ತದೆ, ಆ ಮಗು ಮತ್ತೆ ಯಾರನ್ನೂ ನಂಬುವುದಿಲ್ಲ. ಅಂಥ ವಿಷಯ ಬಂದರೆ ಕೆದಕಿ ಕೆದಕಿ ಕೇಳುವುದೂ ಬೇಡ. ಬೆಂಚಿನಿಂದ ಎಬ್ಬಿಸಿ ಆಟೋದ ತನಕ ತರುವ ಮಾತು ಒಂದಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಮಕ್ಕಳೂ ಓದುತ್ತಾರೆ.

ನಮ್ಮ ಚೀಲದಲ್ಲಿ ಟವೆಲ್, ಒಂದು ಜೊತೆ ಬಟ್ಟೆ, ಪ್ಯಾಡ್, ಓಆರ್‌ಎಸ್, ಮತ್ತೆ ಎರಡು ಪಿನ್ನಿನ ಚಾರ್ಜರ್ ಇರುತ್ತವೆ. ಚಾರ್ಜರ್ ಕಲಿಸಿದ್ದು ಶಿರಸಿ ಜಾತ್ರೆ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಒಂದು ಸಲ ಬ್ಯಾನರ್ ಕಟ್ಟಿ, ಟೇಬಲ್ ಹಾಕಿ, ಆಪ್ತ ಸಮಾಲೋಚನೆ ಅಂತ ಬರೆಸಿ ಕೂತೆವು. ಪೂರಾ ಜಾತ್ರೆಗೆ ಬಂದವರು ದಾರಿ ಕೇಳುವವರೇ. ಮುಂದಿನ ಜಾತ್ರೆಗೆ ಬ್ಯಾನರ್ ಬಿಚ್ಚಿ, ಎಂಟು ಪ್ಲಗ್ಗಿನ ಬೋರ್ಡ್ ಇಟ್ಟು "ಮೊಬೈಲ್ ಚಾರ್ಜ್ ಉಚಿತ" ಅಂತ ಬರೆದೆವು. ಫೋನು ಬಿಟ್ಟು ದೂರ ಹೋಗಲಾರದ ಮಕ್ಕಳು ಗಂಟೆಗಟ್ಟಲೆ ನಮ್ಮ ಪಕ್ಕದಲ್ಲೇ ಕೂತರು. ಖರ್ಚು ಎಂಟುನೂರು ರೂಪಾಯಿ ಒಳಗೆ.

ಮಗು ಸಿಕ್ಕ 24 ಗಂಟೆಯೊಳಗೆ ಅದನ್ನು ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರುಪಡಿಸಬೇಕು. ಮಗು ಎಲ್ಲಿರಬೇಕು ಅಂತ ತೀರ್ಮಾನಿಸುವುದು ಈ ಸಮಿತಿ. ಪ್ರಯಾಣದ ಹೊತ್ತು ಇದರಲ್ಲಿ ಸೇರುವುದಿಲ್ಲ. ರಾತ್ರಿ ಮಳೆಯಲ್ಲಿ ದೇವಿಮನೆ ಘಾಟ್ ಇಳಿಸುವ ಹಟ ಬೇಡ. ಸಮಿತಿ ಕೂತಿರದ ದಿನ ಒಬ್ಬ ಸದಸ್ಯರ ಮುಂದೆಯೂ ಹಾಜರುಪಡಿಸಬಹುದು ಅನ್ನುವುದು ಎಷ್ಟೋ ಜನಕ್ಕೆ ನೆನಪಿರುವುದಿಲ್ಲ. ಇನ್ನು, "ಈ ಹುಡುಗ ಯಾರದ್ದು" ಅಂತ ವಾಟ್ಸಾಪ್ ಗ್ರೂಪಿಗೆ ಫೋಟೊ ಹಾಕುವವರನ್ನು ದಯವಿಟ್ಟು ತಡೆಯಿರಿ. ಗುರುತು ಬಯಲು ಮಾಡಿದರೆ ಆರು ತಿಂಗಳ ತನಕ ಜೈಲು ಅಥವಾ ಎರಡು ಲಕ್ಷದ ತನಕ ದಂಡ, ಎರಡೂ ಆಗಬಹುದು. ಅದಕ್ಕಿಂತ ಹೆಚ್ಚಾಗಿ, ಆ ಮಗು ಮರುದಿನ ಶಾಲೆಗೆ ಹೋಗಬೇಕಲ್ಲ.

ನಾವು ಅತಿ ಹೆಚ್ಚು ಸೋತದ್ದು ಮನೆಗೆ ಕಳಿಸುವುದರಲ್ಲಿ. ಮೊದಮೊದಲು ಅಪ್ಪ-ಅಮ್ಮ ಅಳುತ್ತಾ ಬಂದರೆ ಬೇಗ ಕಳಿಸಿ ಅಂತ ನಾವೇ ಸಮಿತಿ ಮುಂದೆ ಅವಸರ ಮಾಡುತ್ತಿದ್ದೆವು. ಸುಮಾರು ಅರ್ಧದಷ್ಟು ಮಕ್ಕಳು ತಿಂಗಳೊಳಗೆ ಮತ್ತೆ ಅದೇ ಬೆಂಚಿನಲ್ಲಿ. ಕಾರಣ ಹಾಗೇ ಇದ್ದಾಗ ಮಗು ಹೇಗೆ ನಿಲ್ಲುತ್ತದೆ? ಈಗ ಕೈಯಲ್ಲಿ ಏನಾದರೂ ಹಿಡಿದೇ ಆ ಮನೆಯ ಮೆಟ್ಟಿಲು ಹತ್ತುತ್ತೇವೆ. ಫೇಲಾದ ಹುಡುಗನಾದರೆ ಅದೇ ವರ್ಷದ ಎರಡನೇ ಪರೀಕ್ಷೆಯ ತಾರೀಖು. ಬೋಟಿಗೆ ಹೋಗುತ್ತಿದ್ದ ಹುಡುಗನಾದರೆ ಜೂನ್-ಜುಲೈ 61 ದಿನದ ಮೀನುಗಾರಿಕೆ ನಿಷೇಧ ಮುಗಿಯುವುದರೊಳಗೆ ಐಟಿಐ ಅರ್ಜಿ. ಆಗಸ್ಟ್ ಒಂದಕ್ಕೆ ಬೋಟು ನೀರಿಗಿಳಿದ ಮೇಲೆ ಅವನು ನಿಮ್ಮ ಮಾತು ಕೇಳುವುದಿಲ್ಲ. ತಾಯಿ ಒಬ್ಬಳೇ ದುಡಿಯುವ ಮನೆಯಾದರೆ ಮಕ್ಕಳ ರಕ್ಷಣೆಯ ಸರ್ಕಾರಿ ಯೋಜನೆಯಾದ ಮಿಷನ್ ವಾತ್ಸಲ್ಯದ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವದ ಅರ್ಜಿ. ಕುಡಿಯುವ ಅಪ್ಪ ಇರುವ ಮನೆಗೆ ಇಂಥ ಕಾಗದ ಯಾವುದೂ ಸಾಲದು. ಹತ್ತಿರದಲ್ಲಿ ಅಜ್ಜಿ ಮನೆಯೋ ಸೋದರಮಾವನ ಮನೆಯೋ ಇದೆಯಾ ಅಂತ ಹುಡುಕಿ ಸಮಿತಿಗೆ ಹೇಳುತ್ತೇವೆ.

ಮಗು ಮನೆಗೆ ಹೋದ ಮೂರನೇ ದಿನ, ಮೂರನೇ ವಾರ, ಮೂರನೇ ತಿಂಗಳು ನಾವು ಹೋಗುತ್ತೇವೆ. ಪೆಟ್ರೋಲಿಗೆ ಒಂದು ಮನೆಗೆ ಒಟ್ಟು ನಾಲ್ಕೈದು ನೂರು. ಈಗ ಮತ್ತೆ ಓಡುವವರು ಹತ್ತರಲ್ಲಿ ಒಬ್ಬರೋ ಇಬ್ಬರೋ. ಒಳಗೆ ಹೋದಾಗ ಎಲ್ಲರೂ "ಈಗ ಎಲ್ಲ ಸರಿ ಇದೆ" ಅನ್ನುತ್ತಾರೆ. ಚಾ ಕುಡಿಯುತ್ತಾ ಬಾಗಿಲ ಹಿಂದಿನ ಮೊಳೆಯ ಕಡೆ ನೋಡಿ. ಅದೇ ಚೀಲ ಖಾಲಿಯಾಗಿ ತೂಗುತ್ತಿದ್ದರೆ ಸರಿ. ಬಟ್ಟೆ ತುಂಬಿ ಉಬ್ಬಿಕೊಂಡಿದ್ದರೆ ಮೂರನೇ ವಾರಕ್ಕೆ ಕಾಯದೆ ನಾಳೆಯೇ ಮತ್ತೆ ಹೋಗಿ.