ಮೊದಲು ಕಿವಿ, ಆಮೇಲೆ ಓಟ: ಹುಡುಗರನ್ನು ಸೇನೆಯ ಮೆಡಿಕಲ್‌ಗೆ ತಯಾರು ಮಾಡಿದ ನನ್ನ ಅನುಭವ

ಸೇನೆ ಸೇರಬೇಕೆನ್ನುವ ಹುಡುಗರನ್ನು ತಯಾರು ಮಾಡುವ ನಮ್ಮ ಗ್ರೌಂಡಿನಿಂದ ಈ ಸಲ ಒಂಬತ್ತು ಹುಡುಗರು ಓಟ ಪಾಸಾದರು. ಎಂಟು ಜನ ಮೆಡಿಕಲ್‌ನಲ್ಲೂ ಫಿಟ್. ಉಳಿದ ಒಬ್ಬ ಮಿಲಿಟರಿ ಆಸ್ಪತ್ರೆಗೆ ರಿವ್ಯೂಗೆ, ಅಂದರೆ ಮರುಪರೀಕ್ಷೆಗೆ ಹೋಗಿ ಅಲ್ಲಿ ಫಿಟ್ ಆಗಿ ಬಂದ. ‘ಮೊದಲ ದಿನವೇ ಬನಿಯನ್ ಬಿಚ್ಚಿಸಿ ಕಿವಿ, ಹಲ್ಲು, ಪಾದ ನೋಡ್ತಾನೆ, ಇವನೇನು ಹುಡುಗರನ್ನ ಓಡಿಸ್ತಾನೆ’ ಅಂದವರೇ ಈಗ ಫೋನ್ ಮಾಡಿ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಸೇನೆ ಸೇರಿದ್ದು 1999ರಲ್ಲಿ, ಕಾರ್ಗಿಲ್ ಯುದ್ಧ ಮುಗಿದ ಕೆಲವೇ ತಿಂಗಳಿಗೆ. ಹದಿನೇಳು ವರ್ಷ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದೆ. ಆದರೂ ಗೋಕಾಕದ ಹತ್ತಿರದ ನಮ್ಮೂರಿಗೆ ಬಂದು ಗ್ರೌಂಡ್ ಶುರು ಮಾಡಿದಾಗ ನಾನೂ ಎಲ್ಲರ ಹಾಗೆ ಓಟಕ್ಕೇ ಬಿದ್ದೆ. 1.6 ಕಿ.ಮೀ. ಐದೂವರೆ ನಿಮಿಷದೊಳಗೆ ಬಂದರೆ 60 ಅಂಕ, ಹತ್ತು ಪುಲ್ಅಪ್‌ಗೆ 40, ಇದೇ ಜಪ. ಮೊದಲ ಬ್ಯಾಚಿನಲ್ಲಿ ಹನ್ನೊಂದು ಜನ ನೂರಕ್ಕೆ ನೂರು ತಂದರು. ಏಳು ಜನ ಮೆಡಿಕಲ್‌ನಲ್ಲಿ ಹೊರಗೆ ಬಿದ್ದರು. ಒಬ್ಬನ ಕಿವಿಯಲ್ಲಿ ಗುಗ್ಗೆ ತುಂಬಿ ಒಳಗಿನ ಪರದೆಯೇ ಕಾಣಲಿಲ್ಲ. ಇನ್ನೊಬ್ಬನಿಗೆ ಹದಿನಾಲ್ಕು ಡೆಂಟಲ್ ಪಾಯಿಂಟ್ (ಗಟ್ಟಿ ಹಲ್ಲುಗಳಿಗೆ ಕೊಡುವ ಅಂಕ) ಬರಲಿಲ್ಲ. ಒಬ್ಬ ಎದೆ ಮೇಲೆ ಅಮ್ಮನ ಹೆಸರು ಹಚ್ಚೆ ಹಾಕಿಸಿಕೊಂಡಿದ್ದ. ಮುಂಗೈ ಒಳಭಾಗ, ಅಂಗೈ ಹಿಂಭಾಗ ಬಿಟ್ಟರೆ ಬೇರೆ ಕಡೆ ನಡೆಯಲ್ಲ ಅಂತ ನನಗೆ ಗೊತ್ತಿತ್ತು. ಆದರೆ ಹದಿನಾಲ್ಕು ತಿಂಗಳಲ್ಲಿ ಒಂದು ದಿನವೂ ಅವನ ಅಂಗಿ ತೆಗೆಸಿ ನೋಡಿರಲಿಲ್ಲ. ಅವರಪ್ಪ ಕಬ್ಬಿನ ಬಿಲ್ಲಿನ ಹಣದಲ್ಲಿ ಶೂ, ಊಟ, ರೂಮ್ ಬಾಡಿಗೆ ಎಲ್ಲ ನೋಡಿಕೊಂಡಿದ್ದರು. ನಲವತ್ತು ಸಾವಿರದ ಹತ್ತಿರ ಖರ್ಚಾಗಿತ್ತು. ಅವರ ಮನೆಗೆ ಹೋಗಿ ಕೂತ ಆ ಸಂಜೆ ನನಗಿನ್ನೂ ಮರೆತಿಲ್ಲ.

ಆವತ್ತಿನಿಂದ ಕ್ರಮ ತಿರುಗಿಸಿದೆ. ಬಂದ ಹುಡುಗ ಓಡುವ ಮೊದಲು ಎರಡು ತಾಸು ನನ್ನ ಮುಂದೆ ನಿಲ್ಲಬೇಕು. ಹೈಡ್ರೋಸಿಲ್ (ವೃಷಣದ ಸುತ್ತ ನೀರು ತುಂಬುವುದು), ವೆರಿಕೋಸಿಲ್ (ಅಲ್ಲಿನ ರಕ್ತನಾಳ ಊದುವುದು), ಮೂಲವ್ಯಾಧಿ ಅನುಮಾನ ಇದ್ದರೆ ಅದೇ ವಾರ ಡಾಕ್ಟರ್ ಹತ್ತಿರ. ಆಪರೇಷನ್ ಬೇಕಾದರೆ ಸೇನೆಯ ಭರ್ತಿ ರ‍್ಯಾಲಿಗೆ ಆರು ತಿಂಗಳು ಮೊದಲೇ ಮುಗಿಯಬೇಕು. ಖಾಸಗಿಯಲ್ಲಿ ಇಪ್ಪತ್ತು ಸಾವಿರದ ಮೇಲೆ ಹೇಳುತ್ತಾರೆ, ಸರ್ಕಾರಿ ಆಸ್ಪತ್ರೆಯಲ್ಲಿ ಮೂರ್ನಾಲ್ಕು ಸಾವಿರದಲ್ಲಿ ಆಯಿತು. ಹಲ್ಲಿಗೆ ಒಬ್ಬೊಬ್ಬರಿಗೆ ಏಳೆಂಟು ನೂರು. ಒಟ್ಟಿಗೆ ಹತ್ತು ಜನರನ್ನು ಕರೆದುಕೊಂಡು ಹೋದರೆ ಕಡಿಮೆ ಮಾಡುತ್ತಾರೆ, ಕೇಳಿ ನೋಡಿ.

ಎರಡನೇ ವರ್ಷವೂ ಪೆಟ್ಟು ತಿಂದೆ. ರ‍್ಯಾಲಿಯ ಹಿಂದಿನ ದಿನ ಕಿವಿ ಸ್ವಚ್ಛ ಮಾಡಿಸಿದೆ. ಮೂವರಿಗೆ ಕಿವಿ ಕೆಂಪಾಗಿ ಊದಿತು, ಅದಕ್ಕೇ ಅನ್‌ಫಿಟ್. ಈಗ ಮೂರು ವಾರ ಮೊದಲು ಇಎನ್‌ಟಿ (ಕಿವಿ, ಮೂಗು, ಗಂಟಲು) ಡಾಕ್ಟರ್ ಹತ್ತಿರ ಮಾಡಿಸುತ್ತೇನೆ, ಆಮೇಲೆ ಕಡ್ಡಿ, ಪಿನ್ನು ಏನೂ ಮುಟ್ಟುವ ಹಾಗಿಲ್ಲ.

ಎದೆ 77 ಸೆಂ.ಮೀ. ಎಲ್ಲರಿಗೂ ಬರುತ್ತದೆ, ತೊಂದರೆ ಇರುವುದು ಉಸಿರು ಎಳೆದಾಗ 5 ಸೆಂ.ಮೀ. ಹಿಗ್ಗುವುದರಲ್ಲಿ. ಬಲೂನ್ ಊದಿಸಿ ನೋಡಿದೆ, ಸುಮ್ನೆ ದುಡ್ಡು ದಂಡ. ಬಾವಿಯಲ್ಲಿ ಈಜಿಸಿದ ಬ್ಯಾಚಿಗೆ ಒಳ್ಳೆ ಫಲ ಬಂತು, ಮೂರರಲ್ಲಿ ನಿಂತಿದ್ದವರು ಎರಡು ತಿಂಗಳಲ್ಲಿ ಐದು ದಾಟಿದರು. ಇದರ ಜೊತೆ ಬೆಳಗ್ಗೆ ಮಾಡಿಸುವ ಒಂದು ಉಸಿರಿನ ಕ್ರಮ ಇದೆ, ಅದನ್ನು ಇಲ್ಲಿ ಬರೆಯಲ್ಲ, ಗ್ರೌಂಡಿಗೆ ಬಂದವರಿಗೆ ತೋರಿಸುತ್ತೇನೆ.

ಮಂಡಿ ತಾಗುವ ಹುಡುಗರಿಗೆ ರಾತ್ರಿ ದಿಂಬು ಕಟ್ಟಿಸುವುದು, ಎಣ್ಣೆ ತಿಕ್ಕಿಸುವುದು ಎಲ್ಲ ಮಾಡಿದೆ. ಮೂಳೆ ಬದಲಾಗಲ್ಲ. ಮಂಡಿ ಕೂಡಿಸಿ ನಿಂತಾಗ ಕಾಲಿನ ಹರಡುಗಳ ನಡುವೆ 5 ಸೆಂ.ಮೀ.ಗಿಂತ ಕಡಿಮೆ ಅಂತರ ಇದ್ದರೆ ಭಯ ಬೇಡ. ತೊಡೆ ದಪ್ಪ ಇದ್ದ ಇಬ್ಬರಿಗೆ ಮಾತ್ರ ತೂಕ ಇಳಿಸಿದ ಮೇಲೆ ಅಂತರ ಕಡಿಮೆಯಾಯಿತು. ಚಪ್ಪಟೆ ಪಾದಕ್ಕೂ ಹೆದರಿಸಬೇಡಿ. ಒದ್ದೆ ಕಾಲನ್ನು ಸಿಮೆಂಟ್ ನೆಲದ ಮೇಲೆ ಇಡಿಸಿ, ಆಮೇಲೆ ತುದಿಗಾಲಲ್ಲಿ ನಿಲ್ಲಿಸಿ. ಅಂಗಾಲಿನ ಕಮಾನು ಎದ್ದು ಬಂದರೆ, ನೋವಿಲ್ಲದೆ ಜಿಗಿದು ಓಡಿದರೆ, ಅಂಥ ಪಾದ ನಡೆಯುತ್ತದೆ.

ಎತ್ತರಕ್ಕೆ ಮಾತ್ರ ಮದ್ದಿಲ್ಲ. ಜಿ.ಡಿ.ಗೆ (ಜನರಲ್ ಡ್ಯೂಟಿ, ಅಂದರೆ ಸಾಮಾನ್ಯ ಸಿಪಾಯಿ ಹುದ್ದೆಗೆ) ನಮ್ಮ ಕಡೆ 166 ಸೆಂ.ಮೀ. ಬೇಕು. ಹಗ್ಗಕ್ಕೆ ಜೋತು ಬೀಳಿಸಿ ಎತ್ತರ ಮಾಡ್ತೀವಿ ಅಂತ ಹುಡುಗರಿಂದ ಐದೈದು ಸಾವಿರ ತಗೊಳ್ಳೋರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹೋದ ವರ್ಷ 164 ಇದ್ದ ಹುಡುಗ ಅಳುತ್ತಾ ಕೂತಿದ್ದ. ಅವನಿಗೆ ಮೊದಲನೇ ಮಹಾಯುದ್ಧದ ಕಥೆ ಹೇಳಿದೆ. 1914ರ ಆಗಸ್ಟ್‌ನಲ್ಲಿ ಬ್ರಿಟನ್ ಸೇನೆಗೆ 5 ಅಡಿ 3 ಇಂಚು ಇದ್ದರೆ ಸಾಕಿತ್ತು. ಸೆಪ್ಟೆಂಬರ್‌ನಲ್ಲಿ ಜನ ಮುಗಿಬಿದ್ದರು, ತಕ್ಷಣ 5 ಅಡಿ 6 ಇಂಚಿಗೆ ಏರಿಸಿದರು. ನವೆಂಬರ್‌ಗೆ ಮತ್ತೆ 5 ಅಡಿ 3ಕ್ಕೇ ಬಂತು. ಅದಕ್ಕೂ ಕಡಿಮೆ ಇದ್ದವರಿಗೆ ಬ್ಯಾಂಟಮ್ ಅಂತ ಬೇರೆ ಪಡೆಗಳನ್ನೇ ಕಟ್ಟಿದರು. ಸೆಪ್ಟೆಂಬರ್‌ನಲ್ಲಿ ವಾಪಸ್ ಹೋದವನು ನವೆಂಬರ್‌ನಲ್ಲಿ ಸಿಪಾಯಿ! ಎಷ್ಟು ಜನ ಬೇಕೋ ಅದರ ಮೇಲೆ ಅಳತೆ ನಿಂತಿರುತ್ತದೆ, ನಿನ್ನಲ್ಲಿ ಕೊರತೆ ಏನಿಲ್ಲ ಅಂದೆ.

ಕ್ಲರ್ಕ್ ಹುದ್ದೆಗೆ 162 ಸಾಕು. ಪಿಯುಸಿಯಲ್ಲಿ ಅವನ ಅಂಕ ಚೆನ್ನಾಗಿದ್ದವು. ಈಗ ಬೆಳಗ್ಗೆ ಗ್ರೌಂಡಿಗೆ ಬರುತ್ತಾನೆ, ಮಧ್ಯಾಹ್ನ ಗೋಕಾಕದಲ್ಲಿ ಟೈಪಿಂಗ್ ಕಲಿಯುತ್ತಾನೆ.